ಹಾಲಿನ ಪಟ್ಟಿಯ ಗೂಟ

ನಮ್ಮ ಹಾಲಿನ ಸಂಘದಲ್ಲಿ ಏನೂ ನಡೆಯದ ದಿನ ಅಂತ ಒಂದಿದ್ದರೆ ಅದು ಟ್ಯಾಂಕರ್ ಬಾರದ ದಿನ. ಅವತ್ತೂ ಟ್ಯಾಂಕರ್ ಯಾಕೆ ಬರಲಿಲ್ಲ ಅಂತ ಒಂದು ಜಗಳ ಆಗಿಯೇ ಆಗುತ್ತದೆ. ಕಬಿನಿ ಹೊಳೆಗೆ ಇಳಿಯುವ ದಾರಿಯಲ್ಲಿ ಒಂದು ಹಂಚಿನ ಕೋಣೆ, ಒಳಗೆ ಒಂದು ಹಾಲಿನ ಟ್ಯಾಂಕು, ಒಂದು ಮೇಜು, ಒಂದು ಕಂಪ್ಯೂಟರು. ಇಷ್ಟರಲ್ಲೇ ಎಲ್ಲ ನಡೆದದ್ದು.

ಕರು ಮುಟ್ಟುವ ಅಭ್ಯಾಸ

ಕಂಪ್ಯೂಟರ್ ಬಂದ ಮೇಲೆ ಅದರ ಮುಂದೆ ಕೂರಲು ಒಬ್ಬರು ಬೇಕಾಗಿತ್ತು. ನಾನು ಅರ್ಜಿ ಹಾಕಿದೆ. ಹತ್ತಿರದ ಪೇಟೆ ಪುಲ್ಪಳ್ಳಿಯ ಅಂಗಡಿಗಳಲ್ಲೂ ಕೆಲಸ ಇತ್ತು. ಆದರೆ ಮೂರು ವರ್ಷದ ಮಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಬರುವವಳನ್ನು ಯಾವ ಅಂಗಡಿಯವರೂ ಒಳಗೆ ಸೇರಿಸಲಿಲ್ಲ. ಸಂಘ ನಮ್ಮ ಮನೆಯಿಂದ ಒಂದು ಕೂಗಿನ ದೂರ. ಮಗಳು ಕ್ಯಾನಿನ ಮುಚ್ಚಳ ಬಡಿಯುತ್ತ ಮೂಲೆಯಲ್ಲಿ ಕೂತರೆ ಯಾರಿಗೂ ತೊಂದರೆ ಇಲ್ಲ, ಕಿವಿ ಇರುವವರನ್ನು ಬಿಟ್ಟು. ಈ ಕೆಲಸ ತಪ್ಪಿದರೆ ನನಗೆ ಬೇರೆ ಕೆಲಸ ಇಲ್ಲ ಎಂಬುದು ನನಗೂ ಗೊತ್ತಿತ್ತು, ಸಂಘದ ಪ್ರೆಸಿಡೆಂಟರಿಗೂ ಗೊತ್ತಿತ್ತು.

"ಎಷ್ಟು ಓದಿದೀಯವ್ವ?" ಎಂದು ಅವರು ಕೇಳಿದರು.

"ಹತ್ತು."

"ಕಂಪ್ಯೂಟರು?"

"ಪುಲ್ಪಳ್ಳೀಲಿ ಒಂದು ತಿಂಗಳು ಕಲಿತೆ ಸಾರ್."

"ನಮ್ಮ ಅಣ್ಣನ ಮಗಳು ಬಿ.ಕಾಂ. ಮಾಡಿ ಮನೇಲಿ ಕೂತವಳೆ."

"ಹಾಗಾದ್ರೆ ಅವಳೇ ಬರಲಿ ಬಿಡಿ. ಹೋದ ಓಣಕ್ಕೆ ಕರು ಕೈ ನೆಕ್ತು ಅಂತ ಡಾಕ್ಟರ ಹತ್ರ ಓಡಿದ್ಲಲ್ಲ, ಈಗ ವಾಸಿಯಾ?"

ಪಕ್ಕದಲ್ಲಿದ್ದ ಸೆಕ್ರೆಟರಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ಪ್ರೆಸಿಡೆಂಟರು ಮೇಜಿನ ಮೇಲೆ ಇಲ್ಲದ ಧೂಳು ಒರೆಸಿ ಷರತ್ತು ಹೇಳಿದರು. ಮೂರು ತಿಂಗಳು ನೋಡುವುದು. ಜನ ಅಳೆದು ಹಾಕಿದ ಹಾಲು ನನ್ನ ಪಟ್ಟಿಯಲ್ಲಿ ಎಷ್ಟು ಲೀಟರ್ ಆಗುತ್ತದೋ, ಟ್ಯಾಂಕರಿಗೆ ಏರಿಸುವಾಗಲೂ ಅಷ್ಟೇ ಇರಬೇಕು. ಚೆಲ್ಲಿದ್ದಕ್ಕೆ ಒಂದೆರಡು ಲೀಟರ್ ಮಾಫಿ. ಅದಕ್ಕಿಂತ ವ್ಯತ್ಯಾಸ ಬಂದರೆ ಒಂದು ತಪ್ಪು. ಮೂರು ತಪ್ಪಾದರೆ ಅಣ್ಣನ ಮಗಳು.

ಮಾರನೇ ದಿನದಿಂದಲೇ ಅವಳು ಬೆಳಗ್ಗೆ ಎದ್ದು ಕೊಟ್ಟಿಗೆಗೆ ಹೋಗಿ ಒಂದು ಸಲ ಕರು ಮುಟ್ಟಿ ಬರುತ್ತಿದ್ದಾಳೆ ಎಂದು ಸುದ್ದಿ ಬಂತು.

ಹದಿನೆಂಟು ಲೀಟರ್

ಕಂಪ್ಯೂಟರಿನ ಹಾಳೆ ಅಂದರೆ ಗೆರೆ ಎಳೆದ ರಿಜಿಸ್ಟರ್ ಇದ್ದ ಹಾಗೆ. ಅಡ್ಡ ಸಾಲುಗಳಿಗೆ ನಂಬರು, ಉದ್ದ ಸಾಲುಗಳಿಗೆ ಇಂಗ್ಲಿಷ್ ಅಕ್ಷರ. ಮೊದಲ ಅಡ್ಡ ಸಾಲಿನಲ್ಲಿ ತಲೆಬರಹ, ಎರಡರಿಂದ ಜನ. 'ಎ' ಕೆಳಗೆ ಹೆಸರು, 'ಬಿ' ಕೆಳಗೆ ಲೀಟರು. ಆಗ ನಲವತ್ತೊಂದು ಸದಸ್ಯರಿದ್ದರು. ಹಾಗಾಗಿ ಎರಡನೇ ಸಾಲಿನಿಂದ ನಲವತ್ತೆರಡನೇ ಸಾಲಿನವರೆಗೆ ಕೂಡು ಎಂದು ಸೂತ್ರ ಬರೆದಿದ್ದೆ. ಅದು ಚೆನ್ನಾಗಿಯೇ ಕೂಡುತ್ತಿತ್ತು.

ಒಂದು ದಿನ ಹೊಳೆಯಾಚೆಯಿಂದ ಬಂದು ಜಮೀನು ಮಾಡಿದ್ದ ಒಬ್ಬರು ಹೊಸದಾಗಿ ಸದಸ್ಯರಾದರು. ಹದಿನೆಂಟು ಲೀಟರ್ ತಂದು ಸುರಿದರು. ಅವರ ಹೆಸರನ್ನು ನಲವತ್ತಮೂರನೇ ಸಾಲಿಗೆ ಬರೆದೆ. ಕಂಪ್ಯೂಟರಿಗೆ ನಾನು ಹೇಳಿದ್ದು ನಲವತ್ತೆರಡು. ಅದು ಅಲ್ಲಿಗೇ ನಿಂತಿತು.

ಟ್ಯಾಂಕರಿನ ಡ್ರೈವರು ಮೀನಂಗಾಡಿ ಕಡೆಯ ಮಲಯಾಳಿ, ನನ್ನನ್ನು ಅಕ್ಕ ಅನ್ನಲು ಚೇಚಿ ಅನ್ನುತ್ತಿದ್ದ. ಅಳತೆ ನೋಡಿ, "ಚೇಚೀ, ನಿಮ್ಮ ಪಟ್ಟಿಗಿಂತ ಹದಿನೆಂಟು ಲೀಟರ್ ಜಾಸ್ತಿ ಉಂಟು. ಹಸುಗಳೇ ಬಂದು ಟ್ಯಾಂಕಿಗೆ ಕರೆದು ಹೋದವಾ?" ಎಂದ.

ಪ್ರೆಸಿಡೆಂಟರು ಒಂದೇ ಏಟಿಗೆ ತೀರ್ಮಾನಕ್ಕೆ ಬಂದರು. "ಹಾಲು ಜಾಸ್ತಿ ಆಯ್ತು ಅಂದ್ರೆ ಯಾರೋ ನೀರು ಹಾಕವ್ರೆ."

ಮನೆಯಲ್ಲಿ ನೀರು ಹಾಕಿದರೆ ಆ ನೀರೂ ಇಲ್ಲಿ ಅಳತೆಗೆ ಬಂದು ಪಟ್ಟಿಗೂ ಸೇರುತ್ತದೆ, ಅದರಿಂದ ವ್ಯತ್ಯಾಸ ಬರುವುದಿಲ್ಲ ಎಂದು ನಾನು ಹೇಳಬಹುದಿತ್ತು. ಹೇಳಿದ್ದರೆ ತಪ್ಪು ನನ್ನ ಸೂತ್ರದ್ದು ಎಂದಾಗುತ್ತಿತ್ತು. ಪಟ್ಟಿ ನೋಡತೊಡಗಿದೆ. ಕಪಾಟಿನಲ್ಲಿ ಮಲಗಿದ್ದ ಲ್ಯಾಕ್ಟೋಮೀಟರ್ ಹೊರಗೆ ಬಂತು. ಹಾಲಿನಲ್ಲಿ ಬಿಟ್ಟರೆ ತೇಲುವ ಗಾಜಿನ ಕಡ್ಡಿ ಅದು. ನೀರು ಬೆರೆತಿದ್ದರೆ ಮುಳುಗುತ್ತದೆ. ಪ್ರತಿಯೊಬ್ಬರ ಹಾಲಿನಲ್ಲೂ ಒಂದು ಸಣ್ಣ ಬಾಟಲಿ ತೆಗೆದಿಡುವ ಪದ್ಧತಿ ಇತ್ತು. ಪ್ರೆಸಿಡೆಂಟರು ತಮ್ಮ ಮನೆಯ ಬಾಟಲಿ ಮಾತ್ರ ಬದಿಗೆ ಇಟ್ಟರು, ತಮ್ಮ ಹಾಲನ್ನು ತಾವೇ ಪರೀಕ್ಷೆ ಮಾಡಿದರೆ ಜನ ಏನಂದುಕೊಳ್ಳುತ್ತಾರೆ ಅಂತ. ಉಳಿದ ನಲವತ್ತೊಂದಕ್ಕೂ ಸೆಕ್ರೆಟರಿ ಕಡ್ಡಿ ಬಿಟ್ಟರು.

ಅಷ್ಟರಲ್ಲಿ ನಾನು ಸೂತ್ರ ಸರಿಮಾಡಿ ಮೊತ್ತ ತೋರಿಸಿದೆ. ಹದಿನೆಂಟು ಲೀಟರ್ ಸಿಕ್ಕಿತು. ಮೊದಲ ತಪ್ಪು ನನ್ನ ಹೆಸರಿಗೆ ಬಿತ್ತು. ಪ್ರೆಸಿಡೆಂಟರು ಎದ್ದು ನಿಂತು, "ನಾನು ಸದಸ್ಯರ ಸೇವಕ. ಇನ್ಮೇಲೆ ನನ್ನ ಹೆಸರು ಯಾವಾಗ್ಲೂ ಪಟ್ಟಿ ಕೊನೇಲಿರ್ಲಿ. ಬಿಟ್ಟುಹೋಗೋದಾದ್ರೆ ನಂದೇ ಹೋಗ್ಲಿ" ಎಂದರು. ಜನ ಚಪ್ಪಾಳೆ ತಟ್ಟಿದರು.

ಹಾಲಿಗೆ ನೀರು ಹಾಕಿದವರು ಯಾರೂ ಇರಲಿಲ್ಲ ಎಂದು ಬರೆದುಬಿಡಬಹುದಿತ್ತು. ಆದರೆ ಅಷ್ಟೂ ಬಾಟಲಿಗಳಲ್ಲಿ ಒಂದರಲ್ಲಿ ಕಡ್ಡಿ ಮುಳುಗಿತ್ತು. ನಮ್ಮ ಅತ್ತೆಯದು.

ಗೂಟದ ನಿರ್ಣಯ

ಪುಲ್ಪಳ್ಳಿಯಲ್ಲಿ ಪಾಠ ಹೇಳಿದ್ದ ಟೀಚರಿಗೆ ಫೋನ್ ಮಾಡಿದೆ. ಅವರು ಮಲಯಾಳಂನಲ್ಲಿ ಹೇಳಿದ್ದು ಇಷ್ಟು: ಕೊನೆಯ ಸಾಲಿನ ನಂಬರನ್ನು ಸೂತ್ರದ ಒಳಗೆ ಬರೆಯಬೇಡ. ಬೇರೆ ಒಂದು ಚೌಕದಲ್ಲಿ ಬರೆದಿಡು. ಆ ಚೌಕದಲ್ಲಿ ಯಾವ ನಂಬರ್ ಇದೆಯೋ ಅಲ್ಲಿಯವರೆಗೆ ಕೂಡು ಎಂದು ಸೂತ್ರಕ್ಕೆ ಹೇಳು. ಆಮೇಲೆ ಸೂತ್ರ ಮುಟ್ಟುವುದೇ ಬೇಡ, ಚೌಕದ ನಂಬರ್ ಬದಲಾಯಿಸಿದರೆ ಸಾಕು.

ಎಚ್ ಒಂದು ಎಂಬ ಚೌಕಕ್ಕೆ ಹಳದಿ ಬಣ್ಣ ಬಳಿದು ನಲವತ್ತಮೂರು ಎಂದು ಬರೆದೆ. ಸೆಕ್ರೆಟರಿಗೆ ಅರ್ಥವಾಗಲಿಲ್ಲ.

"ಹಸೂನ ಗೂಟಕ್ಕೆ ಕಟ್ತೀವಲ್ಲ ಸಾರ್. ಹಗ್ಗ ಎಟಕುವಷ್ಟು ದೂರ ಮೇಯ್ತದೆ. ಇನ್ನೂ ಆಚೆ ಮೇಯಬೇಕು ಅಂದ್ರೆ ಹಸೂಗೆ ಹೇಳಲ್ಲ, ಗೂಟ ಕಿತ್ತು ಆಚೆ ಹೊಡೀತೀವಿ. ಈ ಹಳದಿ ಚೌಕ ಗೂಟ" ಎಂದೆ.

ಇದು ಎಲ್ಲರಿಗೂ ಅರ್ಥವಾಯಿತು. ಅರ್ಥವಾದದ್ದೇ ತೊಂದರೆ ಆಯಿತು. ನಮ್ಮ ಸಂಘದಲ್ಲಿ ಪೊರಕೆ ಬದಲಾಯಿಸಬೇಕಾದರೂ ಬೋರ್ಡ್ ಮೀಟಿಂಗ್ ಸೇರಿ ನಿರ್ಣಯ ಬರೆಯಬೇಕು. ಗೂಟ ಕೀಳುವುದು ಜಮೀನಿನ ವಿಷಯದಷ್ಟೇ ದೊಡ್ಡದು, ಬೋರ್ಡಿನ ಒಪ್ಪಿಗೆ ಇಲ್ಲದೆ ಅಲ್ಲಾಡಿಸಕೂಡದು ಎಂದಾಯಿತು.

ಮುಂದಿನ ಸೋಮವಾರ ಮರಕ್ಕಡವಿನ ಒಬ್ಬ ಹೆಂಗಸು ಸದಸ್ಯೆಯಾಗಿ ಆರು ಲೀಟರ್ ಹಾಕಿದಳು. ಪ್ರೆಸಿಡೆಂಟರ ಹೆಸರು ಕೊನೆಗೆ ಹೋಗುವುದಕ್ಕೂ ಬೋರ್ಡಿನ ನಿರ್ಣಯ ಬೇಕಿತ್ತು, ಹಾಗಾಗಿ ಸದ್ಯಕ್ಕೆ ಅವಳ ಹೆಸರನ್ನು ನಲವತ್ತನಾಲ್ಕನೇ ಸಾಲಿಗೆ ಬರೆದೆ. ಬೋರ್ಡ್ ಮೀಟಿಂಗ್ ಗುರುವಾರ. ಅಲ್ಲಿಯವರೆಗೆ ಗೂಟ ನಲವತ್ತಮೂರರಿಂದ ಅಲ್ಲಾಡಿಸುವಂತಿರಲಿಲ್ಲ, ಅವತ್ತು ಟ್ಯಾಂಕರಿಗೆ ಆರು ಲೀಟರ್ ಜಾಸ್ತಿ ಬಂತು.

"ಎರಡನೇ ತಪ್ಪು" ಎಂದರು ಪ್ರೆಸಿಡೆಂಟರು.

"ಗೂಟ ಮುಟ್ಟಬೇಡ ಅಂದವರು ನೀವೇ ಅಲ್ವಾ ಸಾರ್?"

"ಮುಟ್ಟಬೇಡ ಅಂದೆ. ತಪ್ಪು ಮಾಡು ಅಂದ್ನಾ?"

ಆ ರಾತ್ರಿ ಅನ್ನ ಬಡಿಸುತ್ತ ಯೋಚನೆ ಮಾಡಿದೆ. ಬೆಳಗ್ಗೆ ಎಚ್ ಒಂದರಲ್ಲಿ ನಂಬರ್ ತೆಗೆದು ಅಲ್ಲೂ ಒಂದು ಸೂತ್ರ ಹಾಕಿದೆ: 'ಎ' ಕೆಳಗೆ ಎಷ್ಟು ಚೌಕಗಳಲ್ಲಿ ಬರಹ ಇದೆಯೋ ಎಣಿಸಿ, ಆ ಲೆಕ್ಕವನ್ನೇ ಇಲ್ಲಿ ತೋರಿಸು. ತಲೆಬರಹವೂ ಸೇರಿ ನಲವತ್ತನಾಲ್ಕು ಬರಹ ಇದ್ದರೆ ಗೂಟವೂ ನಲವತ್ತನಾಲ್ಕು. ಹೆಸರು ಸೇರಿಸಿದರೆ ಗೂಟ ತಾನೇ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಯಾರೂ ಮುಟ್ಟಬೇಕಾಗಿಲ್ಲ.

ಗುರುವಾರದ ಮೀಟಿಂಗಿನಲ್ಲಿ ಬೋರ್ಡು ಮುಕ್ಕಾಲು ಗಂಟೆ ಚರ್ಚೆ ಮಾಡಿತು. ಗೂಟಕ್ಕೆ ಅಧಿಕಾರ ಕೊಟ್ಟವರು ಯಾರು ಎಂದು ಒಬ್ಬರು ಕೇಳಿದರು. ಹೀಗೇ ನಡೆದು ನಡೆದು ಪಕ್ಕದ ಸಂಘಕ್ಕೆ ಹೋದರೆ ಏನು ಗತಿ ಎಂದು ಇನ್ನೊಬ್ಬರು ಕೇಳಿದರು. ಕೊನೆಗೆ ಸೆಕ್ರೆಟರಿ ಬರೆದ ನಿರ್ಣಯ ಈಗಲೂ ಪುಸ್ತಕದಲ್ಲಿದೆ: "ಗೂಟವು ಇನ್ನು ಮುಂದೆ ತನ್ನ ಸ್ವಂತ ಜವಾಬ್ದಾರಿಯಲ್ಲಿ ಓಡಾಡತಕ್ಕದ್ದು."

ಮಧ್ಯದ ಮನುಷ್ಯ

ಪಟ್ಟಿಯನ್ನು ದಿನಾ ಬೆಳಗ್ಗೆ ಪ್ರಿಂಟ್ ತೆಗೆದು ಬಾಗಿಲಿಗೆ ಅಂಟಿಸುವುದು ನನ್ನ ಕೆಲಸ. ಜನ ಲೀಟರಿಗಿಂತ ಮೊದಲು ತಮ್ಮ ಪಕ್ಕ ಯಾರಿದ್ದಾರೆ ಎಂದು ನೋಡುತ್ತಾರೆ.

ಒಂದೇ ಮನೆಗೆ ಸೊಸೆಯರಾಗಿ ಬಂದ ಇಬ್ಬರು ವಾರಗಿತ್ತಿಯರಿದ್ದರು. ಒಂದು ಹಲಸಿನ ಮರ ಯಾರ ಬೇಲಿಯೊಳಗಿದೆ ಎಂಬುದಕ್ಕೆ ಮಾತು ಬಿಟ್ಟು ಆರು ವರ್ಷ ಆಗಿತ್ತು. ಪಟ್ಟಿಯಲ್ಲಿ ಇಬ್ಬರ ಹೆಸರೂ ಮೇಲೆ ಕೆಳಗೆ ಬಂದಿತ್ತು.

"ಅವಳ ಕಾಲ ಕೆಳಗೆ ನನ್ನ ಹಾಕಿದೀಯಾ?" ಎಂದು ಚಿಕ್ಕವಳು ಕೇಳಿದಳು. ಅದಲುಬದಲು ಮಾಡಿದೆ. ಮರುದಿನ ದೊಡ್ಡವಳು ಬಂದು ಅದೇ ಮಾತು ಕೇಳಿದಳು, ಸ್ವಲ್ಪ ಜೋರಾಗಿ.

ಇಬ್ಬರ ನಡುವೆ ಯಾರನ್ನಾದರೂ ಹಾಕಬೇಕಿತ್ತು. ಯಾರೂ ಒಪ್ಪಲಿಲ್ಲ. ಕೊನೆಗೆ ದಿನಾ ಎರಡು ಲೀಟರ್ ತರುವ ಒಬ್ಬ ಅಜ್ಜನ ಕಿವಿಯ ಹತ್ತಿರ ಹೋಗಿ ಕೂಗಿ ಕೇಳಿದೆ, ಅವರಿಬ್ಬರ ಮಧ್ಯೆ ನಿಮ್ಮ ಹೆಸರು ಹಾಕಲಾ ಅಂತ.

"ಹಾಕವ್ವ" ಎಂದರು ಅಜ್ಜ. "ನಂಗೇನು, ಕಿವಿ ಕೇಳಕಿಲ್ಲ."

ಕೊನೆಯ ದಿನ

ನನ್ನ ಮೂರು ತಿಂಗಳು ಮುಗಿಯಲು ಎರಡು ದಿನ ಇತ್ತು. ತಪ್ಪು ಇನ್ನೂ ಎರಡರಲ್ಲೇ ಇತ್ತು. ಅಷ್ಟರಲ್ಲಿ ಅಜ್ಜ ತೀರಿಕೊಂಡರು. ಹಿಂದಿನ ಸಂಜೆಯೂ ಹಾಲು ಹಾಕಿ ಹೋಗಿದ್ದರು. ಯಾರಿಗೂ ತೊಂದರೆ ಕೊಡದೆ ಹೋದರು.

ನಮ್ಮ ಸಂಘದಲ್ಲಿ ಹಿಂದಿನಿಂದ ಬಂದ ಒಂದು ಕ್ರಮ ಇದೆ. ತೀರಿಕೊಂಡವರ ಹೆಸರನ್ನು ರಿಜಿಸ್ಟರಿನಲ್ಲಿ ಇಟ್ಟಿರಬಾರದು, ಹನ್ನೊಂದನೇ ದಿನದ ತಿಥಿ ಆಗುವವರೆಗೆ ಆ ಜಾಗಕ್ಕೆ ಬೇರೆಯವರನ್ನು ಬರೆಯಲೂಬಾರದು. ಸಾಲು ಖಾಲಿ ಬಿಡಬೇಕು. ಮೊದಲ ದಿನ ನಾನು ಹೆಸರನ್ನು ಹಾಗೇ ಇಟ್ಟು ಲೀಟರಿಗೆ ಸೊನ್ನೆ ಹಾಕಿದ್ದೆ. ಕೊನೆಯ ದಿನ ಬೆಳಗ್ಗೆ ಬಾಗಿಲ ಹತ್ತಿರ ಗುಸುಗುಸು ಶುರುವಾಯಿತು. ಸತ್ತವರ ಹೆಸರನ್ನು ಹೀಗೆ ಅಂಟಿಸಿದ್ದಾಳಲ್ಲ, ಮಕ್ಕಳಿರುವವಳಿಗೆ ಗೊತ್ತಾಗಬಾರದಾ ಎಂದು.

ಸಾಲನ್ನೇ ತೆಗೆದುಬಿಡುತ್ತೇನೆ ಎಂದೆ. ವಾರಗಿತ್ತಿಯರಿಬ್ಬರೂ ಆರು ವರ್ಷದಲ್ಲಿ ಮೊದಲ ಬಾರಿಗೆ ಒಂದೇ ದನಿಯಲ್ಲಿ ಮಾತಾಡಿದರು. "ತೆಗೆದ್ರೆ ನಾವು ಪಕ್ಕಪಕ್ಕ ಬರ್ತೀವಿ."

ಹಿಂದೆ ಕ್ಯೂ ಬೆಳೆಯುತ್ತಿತ್ತು. ಅಜ್ಜನ ಹೆಸರು ಮಾತ್ರ ಅಳಿಸಿದೆ. ಸಾಲು ಖಾಲಿ ಉಳಿಯಿತು. ಎಲ್ಲರಿಗೂ ಸಮಾಧಾನವಾಯಿತು. ಒಂದು ಹೆಸರು ಕಡಿಮೆಯಾದದ್ದನ್ನು ಎಣಿಸಿದ ಗೂಟ ಮಾತ್ರ, ತನ್ನ ಸ್ವಂತ ಜವಾಬ್ದಾರಿಯಲ್ಲಿ, ಒಂದು ಸಾಲು ಹಿಂದಕ್ಕೆ ಬಂದು ನಿಂತಿತು. ನಾನು ನೋಡಲಿಲ್ಲ.

ಟ್ಯಾಂಕರ್ ಬಂತು. ಡ್ರೈವರು ಅಳತೆ ನೋಡಿ ನನ್ನ ಮುಖ ನೋಡಿದ. "ಚೇಚೀ, ಹನ್ನೊಂದು ಜಾಸ್ತಿ."

ಪ್ರೆಸಿಡೆಂಟರು ಕುರ್ಚಿಯಿಂದ ಎದ್ದರು. ಮುಖದಲ್ಲಿ ಅಣ್ಣನ ಮಗಳು ಆಗಲೇ ಬಂದು ಕೂತಿದ್ದಳು. "ಮೂರನೇದು. ಇರ್ಲಿ, ನ್ಯಾಯವಾಗೇ ಹೋಗಣ. ಮೊದಲು ನೀರಿನ ಪರೀಕ್ಷೆ ಆಗ್ಲಿ. ಹೋದ ಸಲ ನಮ್ಮನೇ ಬಾಟ್ಲಿ ಬಿಟ್ರು ಅಂತ ಯಾರೋ ಅಂದ್ರಂತೆ. ಈ ಸಲ ನಂದೇ ಮೊದಲು ನೋಡಿ" ಎಂದರು.

ಆ ಹೊತ್ತಿಗೆ ನಾನು ಪಟ್ಟಿ ನೋಡಿ ಮುಗಿಸಿದ್ದೆ. ಬಿಟ್ಟುಹೋದದ್ದು ಕೊನೆಯ ಸಾಲು. ಕೊನೆಯ ಸಾಲಿನಲ್ಲಿ ಸದಸ್ಯರ ಸೇವಕರು, ಹನ್ನೊಂದು ಲೀಟರ್. ನಾನೇ ಹೇಳಿದರೆ ಕೆಲಸ ಅಲ್ಲಿಗೇ ಮುಗಿಯಿತು. ಮೂಲೆಯಲ್ಲಿ ಮಗಳು ಮುಚ್ಚಳ ಬಡಿಯುತ್ತಿದ್ದಳು.

ಸೆಕ್ರೆಟರಿ ಲ್ಯಾಕ್ಟೋಮೀಟರ್ ಒರೆಸಿ ಪ್ರೆಸಿಡೆಂಟರ ಮನೆಯ ಬಾಟಲಿ ಕೈಗೆ ತೆಗೆದುಕೊಂಡರು. ಖಾಲಿ ಕ್ಯಾನು ಹಿಡಿದು ಹೊರಟಿದ್ದ ಪ್ರೆಸಿಡೆಂಟರ ಹೆಂಡತಿ ಬಾಗಿಲಲ್ಲೇ ನಿಂತರು.

"ಇರಿ ಇರಿ. ಎಷ್ಟು ಜಾಸ್ತಿ ಅಂದ್ರಿ?" ಎಂದು ಕೇಳಿದರು.

"ಹನ್ನೊಂದು" ಎಂದರು ಪ್ರೆಸಿಡೆಂಟರು.

"ನಾವು ಹಾಕಿದ್ದೂ ಹನ್ನೊಂದೇ ಅಲ್ವಾ? ಹಂಗಾರೆ ನಮ್ಮದೇ ಬಿಟ್ಟುಹೋಗಿರ್ತದೆ. ಲೆಕ್ಕ ಸಿಕ್ತು. ಕಡ್ಡಿ ಗಿಡ್ಡಿ ಎಲ್ಲ ಯಾಕೆ, ಒಳಗಿಡಿ ಸೆಕ್ರೆಟರಿಗಳೇ."

ಸೆಕ್ರೆಟರಿ ಒಳಗಿಡಲಿಲ್ಲ. ಪ್ರೆಸಿಡೆಂಟರು ನನ್ನ ಕಡೆ ತಿರುಗಿದರು. "ಅಲ್ಲವ್ವ, ನಲವತ್ತೊಂದು ಮನೆ ಹಾಲು ಕೂಡಿಸಿದ ಯಂತ್ರ ನಮ್ಮನೇದು ಒಂದೇ ಯಾಕೆ ಬಿಡ್ತು?"

"ಗೊತ್ತಿಲ್ಲ ಸಾರ್" ಎಂದೆ. "ಅದು ಹಾಲನ್ನ ಮಾತ್ರ ಕೂಡಿಸ್ತದೆ."

ಕ್ಯೂನಲ್ಲಿ ಮೊದಲು ನಕ್ಕವರು ನಮ್ಮ ಅತ್ತೆ.

ಸೆಕ್ರೆಟರಿ ಬಾಟಲಿಯ ಬಿರಡೆ ತೆಗೆದು ಬಹಳ ವಿನಯದಿಂದ ಕೇಳಿದರು, "ಕಡ್ಡಿ ಬಿಟ್ಟು ನೋಡೋಣವಾ ಸಾರ್? ಯಂತ್ರ ತಪ್ಪೋ ಸರಿಯೋ ಗೊತ್ತಾಗ್ತದೆ."

ಪ್ರೆಸಿಡೆಂಟರು ಹೆಂಡತಿಯ ಮುಖ ನೋಡಿದರು. ಹೆಂಡತಿ ಕ್ಯಾನಿನ ತಳ ನೋಡುತ್ತಿದ್ದರು. ಮೂವತ್ತು ವರ್ಷ ಸಂಸಾರ ಮಾಡಿದವರಿಗೆ ಅಷ್ಟು ಸಾಕು.

"ಬೇಡ" ಎಂದರು. "ಲೆಕ್ಕ ಸರಿ ಇದೆ. ಈ ಹುಡುಗಿ ಕೆಲಸದ ಕಾಗದ ಕೊಡಿ, ಸಹಿ ಹಾಕ್ತೀನಿ."

ಕೆಲಸ ಖಾಯಂ ಆಯಿತು. ಅವತ್ತೇ ಸಂಜೆ ಖಾಲಿ ಸಾಲಿನಲ್ಲಿ ಒಂದು ಸಣ್ಣ ಅಡ್ಡಗೆರೆ ಹಾಕಿದೆ. ಗೂಟ ಅದನ್ನೂ ಎಣಿಸಿಕೊಂಡು ತನ್ನ ಜಾಗಕ್ಕೆ ಹೋಯಿತು, ಪ್ರೆಸಿಡೆಂಟರ ಮನೆಯ ಹಾಲು ಮತ್ತೆ ಮೊತ್ತಕ್ಕೆ ಸೇರಿತು.

ಅಣ್ಣನ ಮಗಳಿಗೆ ಕರುವಿನ ಭಯ ಪೂರ್ತಿ ಹೋಗಿದೆ. ಈಗ ಪ್ರೆಸಿಡೆಂಟರ ಮನೆಯ ಹಸು ಕರೆಯುವುದೂ ಅವಳೇ, ಹಾಲು ತಂದು ಹಾಕುವುದೂ ಅವಳೇ. ಚಿಕ್ಕಮ್ಮನ ಕೈಯಲ್ಲಿ ದಿನಾ ಹನ್ನೊಂದು ಲೀಟರ್ ಕೊಡುತ್ತಿದ್ದ ಹಸು ಅವಳ ಕೈಯಲ್ಲಿ ಒಂಬತ್ತೇ ಕೊಡುತ್ತದೆ. ಹಸು ಅವಳಿಗೆ ಇನ್ನೂ ಹೊಂದಿಕೊಂಡಿಲ್ಲ ಎಂದು ಪ್ರೆಸಿಡೆಂಟರು ಹೇಳುತ್ತಾರೆ. ನಾನೂ ಹೌದು ಎಂದು ತಲೆ ಆಡಿಸಿ ಒಂಬತ್ತು ಎಂದು ಬರೆದುಕೊಳ್ಳುತ್ತೇನೆ.