ತೂಕಡಿಸುವ ಪ್ರೊಸೆಸರ್

ಉಳಿತಾಯ ಮಾಡುವವನನ್ನು ಲೋಕ ಗೌರವಿಸುತ್ತದೆ, ಆದರೆ ಅವನ ಮನೆಯವರು ಗೌರವಿಸುವುದಿಲ್ಲ. ಚೆನ್ನೈ ಕ್ರೋಂಪೇಟೆಯ ನಮ್ಮ ಮನೆಯಲ್ಲಿ ಕೋಣೆಯಿಂದ ಕೋಣೆಗೆ ಹೋಗಿ ಫ್ಯಾನ್ ಆರಿಸುವ ಮಹತ್ಕಾರ್ಯ ನನ್ನದು. ಹಾಗಾಗಿ ಲ್ಯಾಪ್‌ಟಾಪಿನಲ್ಲಿ ‘ಪವರ್ ಸೇವರ್’ ಎಂಬ ಹಸಿರು ಎಲೆಯ ಗುರುತು ಕಂಡ ದಿನ ಯಾರೋ ನನಗಾಗಿಯೇ ಅದನ್ನು ಮಾಡಿಟ್ಟಿದ್ದಾರೆ ಅನ್ನಿಸಿತು. ಒತ್ತಿದವನು ಮತ್ತೆ ತೆಗೆಯಲಿಲ್ಲ. ಮೇ ತಿಂಗಳ ಅಗ್ನಿನಕ್ಷತ್ರದ ಬಿಸಿಲಲ್ಲಿ ಇಡೀ ಚೆನ್ನೈ ಬೇಯುತ್ತಿದ್ದರೂ ನನ್ನ ಲ್ಯಾಪ್‌ಟಾಪ್ ಮಾತ್ರ ತಣ್ಣಗಿರುತ್ತಿತ್ತು. ಅದು ಏನನ್ನೂ ಮಾಡುತ್ತಿರಲಿಲ್ಲ ಎಂಬುದು ಬೇರೆ ಮಾತು.

ಮೊನ್ನೆ ಬಳ್ಳಾರಿಯಿಂದ ನನ್ನ ಹೆಂಡತಿ ವಸುಧಾಳ ಸೋದರತ್ತೆ ಶಾರದತ್ತೆ ಬಂದಿದ್ದರು. ಹೊರಡುವ ದಿನ ಮಧ್ಯಾಹ್ನ ಮೆಲ್ಲಗೆ ಕೇಳಿದರು: “ಅಳಿಯಂದ್ರ, ಮೊಮ್ಮಗನ ನಾಮಕರಣದ ವಿಡಿಯೋ ನಿಮ್ಮ ಹತ್ರ ಅದ ಅಂತಲ್ರೀ? ಅದ್ರಾಗ ನಮ್ಮ ಮನೆಯವ್ರು ಮಾತಾಡ್ಯಾರ. ಅವ್ರ ದನಿ ನನ್ನ ಹತ್ರ ಬೇರೆಲ್ಲೂ ಇಲ್ಲ.”

ಅವರ ಗಂಡ, ನಮ್ಮ ಮಾವನವರು, ತೀರಿಕೊಂಡು ವರ್ಷವಾಗಿರಲಿಲ್ಲ. “ಅದಕ್ಕೇನು, ಈಗಲೇ ಕೊಟ್ಟೆ” ಎಂದು ಹಳೆಯ ಹಾರ್ಡ್ ಡಿಸ್ಕ್ ಸಿಕ್ಕಿಸಿ ಪೆನ್‌ಡ್ರೈವ್‌ಗೆ ನಕಲು ಮಾಡಲು ಕೊಟ್ಟೆ. ಡಿಸ್ಕ್ ಗರಗರ ಎನ್ನುತ್ತಿತ್ತು. ಪರದೆಯ ಮೇಲಿನ ಹಸಿರು ಪಟ್ಟಿ ಮಾತ್ರ ಸರಕಾರಿ ಕಡತದ ಗತಿಯಲ್ಲಿ ಸಾಗುತ್ತಿತ್ತು. ಶಾರದತ್ತೆಯ ಬಸ್ಸು ಸಂಜೆ, ಊರಿನ ಆಚೆ ತುದಿಯ ಮಾಧವರಂನಿಂದ. ವಸುಧಾ ಒಮ್ಮೆ ಗಡಿಯಾರ ನೋಡುತ್ತಿದ್ದಳು, ಒಮ್ಮೆ ನನ್ನನ್ನು.

ಇಂಜಿನಿಯರಿಂಗ್ ಓದುವ ಮಗಳು ಮೈತ್ರಿ ಬಂದು ಬಗ್ಗಿ ನೋಡಿ, ತನ್ನ ತಮಿಳು ಬೆರೆತ ಕನ್ನಡದಲ್ಲಿ ಹೇಳಿದಳು: “ಅಪ್ಪಾ, ಇದು ತೂಂಗುದು!”

“ನಿದ್ದೆ ಮಾಡ್ತಿದೆಯಾ? ಡಿಸ್ಕ್ ಅಷ್ಟು ಸದ್ದು ಮಾಡ್ತಿದೆಯಲ್ಲೇ.”

“ಡಿಸ್ಕ್ ಏನೋ ವೇಲೆ ಮಾಡತ್ತೆ, ಅದರ ಕೆಲಸ ಅದಕ್ಕೆ. ಪ್ರೊಸೆಸರ್ ಅದಕ್ಕೋಸ್ಕರ ಕಾಯ್ತಾ ಇರತ್ತೆ. ನಿಮ್ಮ ಪವರ್ ಸೇವರ್ ಇದನ್ನ ಚುಮ್ಮಾ ಕೂತಿದೆ ಅಂದ್ಕೊಂಡು ಸ್ಪೀಡ್ ಇಳಿಸತ್ತೆ. ಡಿಸ್ಕ್ ಡೇಟಾ ತಂದ್ಕೊಟ್ರೆ ಇದು ಮೆದುವಾ ಎದ್ದು, ತಗೊಂಡು, ತಿರುಗಾ ಮಲಗತ್ತೆ.”

ನನ್ನ ವಿಮಾ ಕಚೇರಿಯಲ್ಲಿ ಕಡತಕ್ಕಾಗಿ ಕಾಯುತ್ತ ಕೂತವನನ್ನು ಯಾರೂ ಸುಮ್ಮನೆ ಕೂತವನೆಂದು ಎಣಿಸುವುದಿಲ್ಲ. ಹಿರಿಯನೆಂದು ಬಡ್ತಿ ಕೊಡುತ್ತಾರೆ. ಪ್ರೊಸೆಸರಿಗೆ ಆ ಭಾಗ್ಯವಿಲ್ಲ. “ಬ್ಯಾಟರಿ ಉಳಿಯೋದು ಬೇಡವಾ?” ಎಂದೆ.

“ಅತ್ತೆಯ ಬಸ್ ಉಳಿಯೋದು ಬೇಡ್ವಾ?” ಎಂದಳು ವಸುಧಾ.

ಮೈತ್ರಿ ನನ್ನ ಹಸಿರು ಎಲೆಯನ್ನು ಕಿತ್ತು ಪೂರ್ಣ ವೇಗಕ್ಕೆ ಹಾಕಿದಳು. ಒಳಗಿನ ಫ್ಯಾನು ವಿಮಾನದಂತೆ ಭೋರೆಂದಿತು. ಪಟ್ಟಿ ಓಡಿತು. ಇನ್ನೇನು ಮುಗಿಯಬೇಕು, ಅಷ್ಟರಲ್ಲಿ ಶಾರದತ್ತೆ ಪ್ರಯಾಣಕ್ಕೆಂದು ತಮ್ಮ ಮೊಬೈಲು ಚಾರ್ಜಿಗಿಡಲು ಬಂದು, ಲ್ಯಾಪ್‌ಟಾಪಿನ ಪ್ಲಗ್ಗನ್ನು ಸರಕ್ಕನೆ ಕಿತ್ತರು. ಪರದೆ ಕಪ್ಪಾಯಿತು.

“ಅಯ್ಯೋ, ಏನ್ ಮಾಡಿದಿರಿ!” ಎಂದು ನಾನು ಕಿರುಚಿದೆ.

ಅವರು ಗಾಬರಿಯಾಗಿ ಕೇಳಿದರು: “ಬ್ಯಾಟರಿ ಅದಲ್ರೀ ಅಳಿಯಂದ್ರ? ಇಷ್ಟು ವರ್ಷ ಉಳಿಸೀರಲ್ಲ!”

ಮೈತ್ರಿ ನಗು ತಡೆಯಲಾರದೆ ಬಾಲ್ಕನಿಗೆ ಓಡಿದಳು. ನಾನು ಪ್ರಾಣಕ್ಕಿಂತ ಹೆಚ್ಚಾಗಿ ಕಾಪಾಡಿದ್ದ ಬ್ಯಾಟರಿ ಯಾವ ಕಾಲದಲ್ಲೋ ಸತ್ತಿತ್ತು. ಸದಾ ಚಾರ್ಜರಿಗೆ ಕಟ್ಟಿಹಾಕಿದ್ದರಿಂದ ಆ ಸುದ್ದಿ ನನ್ನವರೆಗೆ ಬಂದಿರಲಿಲ್ಲ.

“ದನಿ ಸಿಗದ ನಾ ಹೋಗಂಗಿಲ್ಲ” ಎಂದು ಶಾರದತ್ತೆ ಚೀಲ ಕೆಳಗಿಟ್ಟರು. ಬಸ್ಸು ಅವರಿಲ್ಲದೆ ಹೋಯಿತು. ನಕಲು ಮತ್ತೆ ಮೊದಲಿನಿಂದ ಶುರುವಾಗಿ, ಪೂರ್ಣ ವೇಗದಲ್ಲಿ, ವಸುಧಾ ದೋಸೆ ಹುಯ್ಯುವುದರೊಳಗೆ ಮುಗಿಯಿತು. ಎಲ್ಲರೂ ಲ್ಯಾಪ್‌ಟಾಪಿನ ಮುಂದೆ ತಟ್ಟೆ ಹಿಡಿದು ಕೂತೆವು. ಮಾವನವರು ತೊಟ್ಟಿಲು ತೂಗುತ್ತ, ಶ್ರುತಿಯ ಗೊಡವೆಯಿಲ್ಲದೆ ಜೋಗುಳ ಹಾಡಿದರು. ನಡುವೆ ನಿಲ್ಲಿಸಿ, “ಏ ಶಾರದಾ, ಒಂದೀಟು ಚಹಾ ತಾ” ಎಂದರು.

“ಈಗ್ಲೂ ಚಹಾನಽ” ಎಂದು ಶಾರದತ್ತೆ ನಕ್ಕರು, ಸೆರಗಿನಿಂದ ಕಣ್ಣೊರೆಸಿಕೊಂಡರು. “ಇನ್ನೊಮ್ಮೆ ಹಚ್ಚವಾ” ಎಂದರು.

ಮೈತ್ರಿ ಮತ್ತೆ ಹಚ್ಚಿದಳು. ಮತ್ತೆ. ಮಾವನವರು ಪ್ರತಿಸಲವೂ ಚಹಾ ಕೇಳಿದರು. ನಾನೂ ದೋಸೆ ಮರೆತು ನೋಡುತ್ತಿದ್ದೆ. ಆದರೆ ಪರದೆ ಅಷ್ಟು ಪ್ರಖರವಾಗಿ ಉರಿಯುವ ಅಗತ್ಯವಿತ್ತೇ? ಬೆಳಕು ತುಸು ತಗ್ಗಿಸೋಣವೆಂದು ನನ್ನ ಕೈ ತಾನಾಗಿಯೇ ಮುಂದಕ್ಕೆ ಹೋಯಿತು. ವಸುಧಾ ನನ್ನತ್ತ ನೋಡಿದಳು. ಕೈಯನ್ನು ಚಟ್ನಿ ಬಟ್ಟಲಿನ ಕಡೆಗೆ ತಿರುಗಿಸಿದೆ.