ಅಸಲಿ ತುಕ್ಕು

ಹೋದ ವರ್ಷ ರಬ್ಬರಿಗೆ ತುಕ್ಕು ಹಿಡಿಸಿದ್ದೇ ಎಲ್ಲ ಫಜೀತಿಗೂ ಮೂಲ.

ಅಂಗೈ ಮೇಲೆ ಕೂರುವಷ್ಟು ಪುಟ್ಟ ಯುದ್ಧ ಟ್ಯಾಂಕುಗಳನ್ನು ಜೋಡಿಸಿ, ಅವು ಈಗಷ್ಟೇ ರಣರಂಗದಿಂದ ಬಂದಂತೆ ಕಾಣಲು ಕೆಸರು, ಮಸಿ, ತುಕ್ಕು ಬಳಿಯುವುದು ನೀರಿನ ಬಿಲ್ಲಿನ ಆಫೀಸಿನ ಆ ಗುಮಾಸ್ತನಿಗಿದ್ದ ಒಂದೇ ಚಟ. ಹೋದ ವರ್ಷದ ಮಾದರಿಗಳ ಸ್ಪರ್ಧೆಯಲ್ಲಿ ಹುಮ್ಮಸ್ಸು ಹೆಚ್ಚಾಗಿ ಚಕ್ರದ ಸುತ್ತಲ ರಬ್ಬರಿಗೂ ತುಕ್ಕು ಬಳಿದುಬಿಟ್ಟಿದ್ದ. ತೀರ್ಪುಗಾರರ ಅಡ್ಡಹೆಸರು ಭೂತಗನ್ನಡಿ. ಅವರು ಕಣ್ಣಿಗೆ ಮಸೂರ ಹಿಡಿದು, “ಏನ್ ಸ್ವಾಮಿ, ನಿಮ್ಮ ಕಡೆ ರಬ್ಬರಿಗೂ ತುಕ್ಕು ಹಿಡಿಯುತ್ತಾ?” ಎಂದು ಸಭೆಗೆಲ್ಲ ಕೇಳುವಂತೆ ಕೇಳಿದ್ದರು. ನೋಡಲು ಬಂದಿದ್ದ ಹೆಡ್‌ಕ್ಲರ್ಕ್ ಮರುದಿನವೇ ಆಫೀಸಿನಲ್ಲಿ ಅವನಿಗೆ ಹೊಸ ಹೆಸರಿಟ್ಟರು: ತುಕ್ಕಪ್ಪ.

ಆ ಹೆಸರು ಈ ಸಲವಾದರೂ ಅಳಿಯಬೇಕಿತ್ತು. ಕೆಸರು ಎಷ್ಟು ಎತ್ತರಕ್ಕೆ ಸಿಡಿಯುತ್ತದೆ, ಸೈನಿಕರು ಹತ್ತಿಳಿಯುವಾಗ ಬೂಟು ತಗುಲಿ ಎಲ್ಲಿ ಬಣ್ಣ ಸವೆಯುತ್ತದೆ ಎಂದು ಹಳೆಯ ಫೋಟೋಗಳಿಗೆ ಮೂಗು ತಾಗಿಸಿ ತುಕ್ಕಪ್ಪ ವರ್ಷವಿಡೀ ಕೂತಿದ್ದ. ಸ್ಪರ್ಧೆಯ ದಿನ ಬೆಳಗ್ಗೆ ಉಳಿದದ್ದು ಹೊಗೆ ಕೊಳವೆಯ ತುಕ್ಕೊಂದೇ. ಸೀಸೆಯ ಬಣ್ಣ ಹಚ್ಚಿ ನೋಡಿದ. ಕೊಳವೆ ಥೇಟ್ ಕ್ಯಾರೆಟ್ಟಿನಂತೆ ಕಂಡಿತು.

“ಇದು ನಕಲಿ ಅಂತ ಆ ಭೂತಗನ್ನಡಿ ಬಾಗಿಲಲ್ಲೇ ಹೇಳ್ತಾರೆ ಕಣೇ. ಅಸಲಿ ತುಕ್ಕೇ ಬೇಕು.”

“ಪಕ್ಕದ್ಮನೆ ಗೇಟಲ್ಲಿದೆಯಲ್ಲ, ಬುಟ್ಟಿಗಟ್ಟಲೆ,” ಎಂದಳು ಹೆಂಡತಿ, ತಮಾಷೆಗೆ.

ಅವನು ತಮಾಷೆಯೆಂದು ತಿಳಿಯಲಿಲ್ಲ. ಟ್ಯಾಂಕು, ಅಂಟು, ಸಣ್ಣ ಚಾಕು ಹಿಡಿದು ಹೊರಟ. ಪಕ್ಕದ ಮನೆಯ ಕಾಂಪೌಂಡ್ ಗೋಡೆಯ ಮೇಲೆ ಟ್ಯಾಂಕನ್ನಿಟ್ಟು, ಗೇಟಿನ ಮೂಲೆಯನ್ನು ಮೆಲ್ಲಗೆ ಕೆರೆದು, ಉದುರಿದ ಪುಡಿಯನ್ನು ಕೊಳವೆಗೆ ಅಂಟಿಸಿದ. ಆಹಾ! ಕೊಳವೆ ನಿಜವಾಗಿ ಯುದ್ಧ ಕಂಡಂತಿತ್ತು.

“ಏನಪ್ಪಾ ಅದು, ನಮ್ಮ ಗೇಟಿಗೆ ಚಾಕು ಹಾಕ್ತಿದೀಯ?”

ಮೆಟ್ಟಿಲ ಮೇಲೆ ನಿವೃತ್ತ ಪೋಸ್ಟ್‌ಮಾಸ್ಟರು ನಿಂತಿದ್ದರು. ತುಕ್ಕಪ್ಪ ಚಾಕುವನ್ನು ಬೆನ್ನ ಹಿಂದೆ ಸರಿಸಿದ. “ಅದು... ತುಕ್ಕು ಹಿಡಿದಿತ್ತಲ್ಲ ಸಾರ್... ಸ್ವಲ್ಪ ಉಜ್ಜೋಣ ಅಂತ...”

ಪೋಸ್ಟ್‌ಮಾಸ್ಟರ ಮುಖ ಅರಳಿತು. “ಎಂಥಾ ಮನಸ್ಸಪ್ಪಾ ನಿಂದು! ಮಗನಿಗೆ ಹೇಳಿ ಹೇಳಿ ಬಾಯಿ ನೋವು ಬಂದಿತ್ತು. ತಡಿ, ಉಪ್ಪುಕಾಗದ ತರ್ತೀನಿ. ಹಸಿರು ಬಣ್ಣವೂ ಇದೆ. ಉಜ್ಜೋದು ನಿಂದು, ಬಣ್ಣ ನಂದು!”

ಅಂಟು ಒಣಗುವವರೆಗೆ ಟ್ಯಾಂಕನ್ನು ಮುಟ್ಟುವಂತಿರಲಿಲ್ಲ. ಗೇಟನ್ನು ಬಿಡುವಂತಿರಲಿಲ್ಲ. ತುಕ್ಕಪ್ಪ ಉಜ್ಜಿದ. ಹುಬ್ಬು, ಮೀಸೆಯೆಲ್ಲ ಕೆಂಪಾಗಿ, ಯಾರೋ ಅವನಿಗೇ ಬಣ್ಣ ಹಚ್ಚಿ ಒಣಗಲು ನಿಲ್ಲಿಸಿದಂತೆ ಕಂಡ. ಕೊನೆಯ ಸರಳು ಮುಗಿಯುವಷ್ಟರಲ್ಲಿ ಎದುರುಮನೆಯ ಟೈಲರಮ್ಮ ಬಂದರು.

“ಅಣ್ಣಾ, ನಮ್ಮ ಕಿಟಕಿನೂ ಒಂದಿಷ್ಟು...”

“ಇಲ್ಲಮ್ಮಾ, ನಂಗೆ ಸಾಯಂಕಾಲ ಸ್ಪರ್ಧೆ...”

“ಗೇಟಿಗಾದ್ರೆ ಪುರುಸೊತ್ತಿರುತ್ತೆ, ಬಡವರ ಕಿಟಕಿಗೆ ಇರಲ್ಲ. ಇರ್ಲಿ ಬಿಡಣ್ಣ.”

ಇಷ್ಟು ಸಾಕಾಯಿತು. ಅವನಿಗೆ ಇಲ್ಲವೆನ್ನುವುದು ಬಂದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಕಿಟಕಿ ಮುಗಿಸಿ ಬೆನ್ನು ಹಿಡಿದುಕೊಂಡು ಬಂದಾಗ ಗೇಟು ಹಸಿರಾಗಿ ಹೊಳೆಯುತ್ತಿತ್ತು. ಗೋಡೆಯ ಮೇಲೆ ಟ್ಯಾಂಕೂ ಹಸಿರಾಗಿ ಹೊಳೆಯುತ್ತಿತ್ತು.

“ಬಣ್ಣ ಮಿಕ್ಕಿತ್ತು,” ಎಂದರು ಪೋಸ್ಟ್‌ಮಾಸ್ಟರು ಅಕ್ಕರೆಯಿಂದ. “ಊರವರದೆಲ್ಲ ಉಜ್ಜಿ ಕೊಡ್ತೀಯ, ನಿನ್ನದೇ ತುಕ್ಕು ಹಿಡಿದು ಕೂತಿತ್ತು. ಕರುಳು ಚುರುಕ್ ಅಂತು ನೋಡು. ಕೆಸರೆಲ್ಲ ಒರೆಸಿ ಬಳಿದೆ.”

ತುಕ್ಕಪ್ಪ ಹಸಿ ಟ್ಯಾಂಕನ್ನು ಎರಡು ಬೆರಳಲ್ಲಿ ಎತ್ತಿಕೊಂಡ. “ಉಪಕಾರ ಆಯ್ತು ಸಾರ್,” ಎಂದ.

“ಹೆಸರು ಕೊಟ್ಟಾಗಿದೆಯಲ್ರೀ, ಹೋಗಿ ಇಟ್ಟು ಬನ್ನಿ,” ಎಂದು ಹೆಂಡತಿ ತಳ್ಳಿ ಕಳಿಸಿದಳು. ತಮ್ಮ ಕೈಚಳಕ ನೋಡಲು ಪೋಸ್ಟ್‌ಮಾಸ್ಟರೂ ಜೊತೆಗೆ ಹೊರಟರು.

ಸಭಾಂಗಣದ ಮೇಜುಗಳ ಮೇಲಿನ ಟ್ಯಾಂಕುಗಳೆಲ್ಲ ಕೆಸರಿನಲ್ಲಿ ಹೊರಳಿದ ಎಮ್ಮೆಗಳಂತಿದ್ದವು. ನಡುವೆ ತುಕ್ಕಪ್ಪನದು ಮದುಮಗನಂತೆ ನಿಂತಿತ್ತು. ಹೆಡ್‌ಕ್ಲರ್ಕ್ ಈ ಸಲವೂ ಹಾಜರಿದ್ದು ಹಲ್ಲು ಕಿರಿಯುತ್ತಿದ್ದರು. ಭೂತಗನ್ನಡಿ ಬಂದರು, ಬಗ್ಗಿದರು, ಬಗ್ಗಿಯೇ ಇದ್ದರು. ತುಕ್ಕಪ್ಪ ಕಣ್ಣು ಮುಚ್ಚಿಕೊಂಡ.

“ಅಬ್ಬಾ! ಒಬ್ಬರಿಗಾದ್ರೂ ಗೊತ್ತಿದೆಯಲ್ಲ!” ಎಂದರು ಭೂತಗನ್ನಡಿ. “ಎಲ್ಲರೂ ಯುದ್ಧ ಮುಗಿಸಿದ ಟ್ಯಾಂಕು ಮಾಡ್ತಾರೆ. ಇದು ಯುದ್ಧಕ್ಕೆ ಹೊರಟ ಟ್ಯಾಂಕು. ಯುದ್ಧದ ಕಾಲದ ಕಾರ್ಖಾನೆಯಲ್ಲಿ ಹೀಗೇ ದಪ್ಪಗೆ, ಅವಸರದಲ್ಲಿ ಬಳಿದು ಅಟ್ತಿದ್ರು. ನೋಡಿ, ಬ್ರಷ್ಷಿನ ಕೂದಲೂ ಅಂಟಿದೆ! ಮೊದಲನೇ ಬಹುಮಾನ. ಯಾರು ಸ್ವಾಮಿ ಬಣ್ಣ ಹಚ್ಚಿದ್ದು?”

‘ನಾನು’ ಎಂದರೆ ಮುಗಿಯುತ್ತಿತ್ತು. ಆದರೆ ತುಕ್ಕಪ್ಪ ಕಣ್ಣು ಬಿಟ್ಟು ಇನ್ನೂ ಆ ಬ್ರಷ್ಷಿನ ಕೂದಲನ್ನು ಹುಡುಕುತ್ತಿದ್ದ. ಅಷ್ಟರಲ್ಲಿ ಅವನ ಹಿಂದಿನಿಂದ ಹಸಿರು ಉಗುರಿನ ಕೈಯೊಂದು ಮೇಲೆದ್ದಿತು.

“ನಾನೇ!”

ಬೆಳ್ಳಿ ಬಣ್ಣದ ಟ್ರೋಫಿ ಪೋಸ್ಟ್‌ಮಾಸ್ಟರ ಕೈ ಸೇರಿತು. ಭೂತಗನ್ನಡಿ ತುಕ್ಕಪ್ಪನ ಕಡೆ ತಿರುಗಿ ಆದರದಿಂದ ಕೇಳಿದರು, “ನೀವು ಇದರಲ್ಲಿ ಏನು ಮಾಡಿದ್ರಿ?”

“ತುಕ್ಕು... ಉಜ್ಜಿದೆ ಸಾರ್.”

ಹೆಡ್‌ಕ್ಲರ್ಕ್ ನಗು ತಡೆಯಲಾರದೆ ಕಂಬ ಹಿಡಿದುಕೊಂಡರು.

ಮನೆಗೆ ಮರಳುವ ದಾರಿಯಲ್ಲಿ ಪೋಸ್ಟ್‌ಮಾಸ್ಟರು ಟ್ರೋಫಿಯನ್ನು ಎದೆಗೊತ್ತಿಕೊಂಡು, ಅವನ ಹೆಗಲ ಮೇಲೆ ಕೈ ಹಾಕಿದರು. “ಮುಂದಿನ ವರ್ಷಾನೂ ಇಬ್ಬರೂ ಸೇರೇ ಬರೋಣಪ್ಪ. ಉಜ್ಜೋದು ನಿಂದು, ಬಣ್ಣ ನಂದು. ನಾಳೆ ನಮ್ಮ ಹಿತ್ತಲ ಗೇಟಿಂದ್ಲೇ ಶುರು ಮಾಡು.”