ಗ್ರಂಥಿಯ ತಪ್ಪಿಲ್ಲ

ಡ್ರೈವಿಂಗ್ ಶಾಲೆಯ ಮಾಸ್ಟರಿಗೆ ತಾವು ದಪ್ಪ ಎಂಬುದು ಮೊದಲೇ ಗೊತ್ತಿತ್ತು. ಆದರೆ ಅದು ರಸ್ತೆ ಸುರಕ್ಷತೆಯ ವಿಷಯವೂ ಹೌದೆಂದು ತಿಳಿದದ್ದು, ಹೊಸದಾಗಿ ಕಾರು ಕಲಿಯಲು ಬಂದ ನಿವೃತ್ತ ಗುಮಾಸ್ತರೊಬ್ಬರು ಗೇರ್ ಎಂದುಕೊಂಡು ಅವರ ಮೊಣಕಾಲನ್ನು ಎರಡು ಸಲ ಹಿಂದಕ್ಕೆಳೆದ ದಿನ.

ತೂಕ ನೂರ ಮೂವತ್ತೆಂಟು ಕಿಲೋ. ಡಾಕ್ಟರು ಹೊಟ್ಟೆಯ ಚೀಲವನ್ನು ಕತ್ತರಿಸಿ ಚಿಕ್ಕದು ಮಾಡುವ ಆಪರೇಷನ್ ಸೂಚಿಸಿದರು. ಮಾಸ್ಟರು ತಕ್ಷಣ ಒಪ್ಪಿದರು. (ಬಾಯಿ ಕಟ್ಟುವ ಕೆಲಸವನ್ನು ಇನ್ನೊಬ್ಬರು ಮಾಡಿಕೊಡುತ್ತಾರೆಂದರೆ ಯಾರಿಗೆ ಬೇಡ?) ಅದಕ್ಕೆ ಮೊದಲು ರಕ್ತ, ಹೃದಯ, ಶ್ವಾಸಕೋಶ ಎಲ್ಲವೂ ಪಾಸಾಗಬೇಕಿತ್ತು. ಗಂಟಲಲ್ಲಿ ಕೊಳವೆ ಇಳಿಸಿ ಹೊಟ್ಟೆಯೊಳಗನ್ನೂ ನೋಡಿದರು. ಎಲ್ಲದರಲ್ಲೂ ಮಾಸ್ಟರು ಪಾಸು. ಎಡವಿದ್ದು ಒಂದು ನೋಟ್ ಪುಸ್ತಕದಲ್ಲಿ.

ಕಡ್ಡಿಯಂತಿದ್ದ ಡಯಟೀಷಿಯನ್ ಹುಡುಗಿ ಆ ಪುಸ್ತಕ ಕೊಟ್ಟು, ಹದಿನೈದು ದಿನ ಬಾಯಿಗೆ ಹೋದದ್ದನ್ನೆಲ್ಲ ಬರೆಯಲು ಹೇಳಿದಳು. ತೊಂದರೆ ಏನೆಂದರೆ, ಪ್ರತಿ ಸಂಜೆ ಅದನ್ನು ಹೆಂಡತಿಯೂ ಓದುತ್ತಿದ್ದರು. ಆಕೆ ಗಣಿತದ ಟೀಚರು. ಒಂದು ವರ್ಷದಿಂದ ಗಂಡನಿಗೆ ತಕ್ಕಡಿಯಲ್ಲಿ ತೂಗಿಯೇ ಬಡಿಸುತ್ತಿದ್ದವರು. ಡ್ರೈವಿಂಗ್ ಮೈದಾನದ ಹಿಂದಿನ ಬೇಕರಿಯ ಸುದ್ದಿ ಆಕೆಗೆ ಗೊತ್ತಿರಲಿಲ್ಲ. ಹಾಗಾಗಿ ಮಾಸ್ಟರು ಮನೆಯ ಸೂಪು, ಬೇಯಿಸಿದ ತರಕಾರಿ, ಎರಡು ತುಂಡು ಬ್ರೆಡ್ಡನ್ನು ದುಂಡಗಿನ ಅಕ್ಷರದಲ್ಲಿ ಬರೆದು, ಬೇಕರಿಯ ಅಧ್ಯಾಯವನ್ನು ಕೈಬಿಟ್ಟರು.

ಪುಸ್ತಕ ನೋಡಿದ ಹುಡುಗಿ ಕ್ಯಾಲ್ಕುಲೇಟರ್ ಒತ್ತಿದಳು, ಮತ್ತೊಮ್ಮೆ ಒತ್ತಿದಳು. ಇಷ್ಟೇ ತಿನ್ನುವವರು ಇಷ್ಟು ಹೊತ್ತಿಗೆ ತನಗಿಂತ ತೆಳ್ಳಗಿರಬೇಕಿತ್ತು, ಇದು ಯಾವುದೋ ಗ್ರಂಥಿಯ ಕಾಯಿಲೆ, ಅದು ಪತ್ತೆಯಾಗದೆ ಆಪರೇಷನ್ ಇಲ್ಲ ಎಂದಳು. ಪಕ್ಕದಲ್ಲೇ ಕೂತಿದ್ದ ಹೆಂಡತಿಯ ಕಣ್ಣು ತುಂಬಿ ಬಂತು.

"ಸುಮ್‌ಸುಮ್ನೆ ನಿಮ್ಮನ್ನ ಅನುಮಾನ ಪಟ್ಟೆ ಕಣ್ರೀ," ಎಂದರು.

ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಆಕೆ ತಪ್ಪೊಪ್ಪಿಕೊಂಡದ್ದು ಅದೇ ಮೊದಲು. ನಿಜ ಹೇಳಿ ಆ ಸುಖ ಕಳೆದುಕೊಳ್ಳಲು ಮಾಸ್ಟರಿಗೆ ಮನಸ್ಸಾಗಲಿಲ್ಲ.

ಹಾರ್ಮೋನ್ ಡಾಕ್ಟರು ಖಾಲಿ ಹೊಟ್ಟೆಯಲ್ಲಿ ಕೂರಿಸಿ ಗಂಟೆಗೊಮ್ಮೆ ರಕ್ತ ತೆಗೆದರು. ಇಪ್ಪತ್ತನಾಲ್ಕು ಗಂಟೆಯ ಮೂತ್ರವನ್ನು ಒಂದೇ ಕ್ಯಾನಿನಲ್ಲಿ ಕೂಡಿಡಲು ಹೇಳಿದರು. ಮಾಸ್ಟರು ಕ್ಯಾನನ್ನು ಕಾರಿನ ಡಿಕ್ಕಿಯಲ್ಲಿಟ್ಟರು; ಅಂದೇ ರೇಡಿಯೇಟರಿಗೆ ನೀರು ಹಾಕುವ ಪಾಠ. ಗುಮಾಸ್ತರು ಶ್ರದ್ಧೆಯಿಂದ ಅದನ್ನೇ ತೆಗೆದು ಸುರಿದರು. ಎಂಜಿನ್ ತಣ್ಣಗಾಯಿತು, ಪರೀಕ್ಷೆ ಮೊದಲಿಂದ ಶುರುವಾಯಿತು. ಈ ನಡುವೆ ಹೆಂಡತಿ, ತಮ್ಮವರಿಗೆ ಅಪರೂಪದ ಕಾಯಿಲೆಯೆಂದು ಬಂಧುಬಳಗಕ್ಕೆಲ್ಲ ಫೋನ್ ಮಾಡಿದ್ದರು. ಮಾಸ್ಟರನ್ನು ಕಂಡರಾಗದ ಭಾವಮೈದುನ ಕೂಡ ಬಂದು, ಅರ್ಧ ಗಂಟೆ ಅವರ ಕೈ ಹಿಡಿದುಕೊಂಡು ಕೂತು ಹೋದ.

ಕೊನೆಗೆ ಉಳಿದದ್ದು ತಲೆಯ ಸ್ಕ್ಯಾನ್. ಮಿದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟು ಗ್ರಂಥಿಯೊಂದಿದೆಯಂತೆ, ಅದನ್ನು ನೋಡಬೇಕಂತೆ. ಮಾಸ್ಟರನ್ನು ಕೊಳವೆಯಂಥ ಯಂತ್ರದೊಳಗೆ ತಳ್ಳಿದರು. ಎರಡೂ ಪಕ್ಕೆ ಗೋಡೆಗೆ ಒತ್ತಿತು. ಮೂಗಿನ ಮೇಲೆಯೇ ಸೂರು. ಸುತ್ತಲೂ ತಗಡು ಬಡಿದಂಥ ಸದ್ದು. ಅದು ನಿಂತಾಗ ಹೊರಗಿನ ಕೋಣೆಯಿಂದ ಟೆಕ್ನಿಷಿಯನ್ ದನಿ ಬಂತು: "ಏನಾದ್ರೂ ಹೇಳೋದಿದ್ರೆ ಹೇಳಿ ಸಾರ್."

ಮಾಸ್ಟರು ತಡೆದುಕೊಂಡಿದ್ದೆಲ್ಲ ಹೊರಗೆ ಬಂತು.

"ದಿನಾ ನಾಲ್ಕು ಕ್ರೀಮ್ ಬನ್ನು," ಎಂದರು. "ಬೆಳಿಗ್ಗೆ ಎರಡು, ಸಂಜೆ ಎರಡು. ಯಾರಾದ್ರೂ ಲೈಸೆನ್ಸ್ ಪಾಸಾದ್ರೆ ಕೇಕು. ಗ್ರಂಥಿದೇನೂ ತಪ್ಪಿಲ್ಲಪ್ಪ, ಪಾಪ. ನನ್ನ ಹೊರಗೆ ತೆಗೀರಿ. ಇದನ್ನ ಮಾತ್ರ ನಮ್ಮನೆಯವರಿಗೆ ಹೇಳ್ಬೇಡಿ."

ಕಿವಿಗಿಟ್ಟ ಹತ್ತಿ ಜಾರಿದ್ದರೆ ಹೇಳಲಿ ಎಂದಷ್ಟೇ ಕೇಳಿದ್ದೆನೆಂದು ಟೆಕ್ನಿಷಿಯನ್ ಮೆಲ್ಲನೆ ತಿಳಿಸಿ, ಮೈಕನ್ನು ಪಕ್ಕದ ಕುರ್ಚಿಗೆ ದಾಟಿಸಿದ.

"ಕೇಕು ಎಷ್ಟು ತುಂಡು?" ಎಂದಿತು ಹೆಂಡತಿಯ ದನಿ.

ಹೊಸ ಲೆಕ್ಕ ಸರಿಹೊಂದಿತು, ಕಾಯಿಲೆ ಮಾಯವಾಯಿತು. ಆಪರೇಷನ್ನಿಗೆ ತಿಂಗಳ ಆಚೆಗೆ ದಿನ ಗೊತ್ತಾಯಿತು. ಅಲ್ಲಿಯವರೆಗೆ ಮನೆಯವರು ಯಾರಾದರೂ ಒಂದು ಕಣ್ಣಿಟ್ಟಿರಲಿ ಎಂದು ಡಯಟೀಷಿಯನ್ ಹೇಳಿದಳು. ಹೆಂಡತಿಗೆ ಶಾಲೆಗೆ ರಜೆ ಇತ್ತು. ಮರುದಿನವೇ ಗಂಡನ ಡ್ರೈವಿಂಗ್ ಶಾಲೆಯಲ್ಲಿ ಅರ್ಜಿ ತುಂಬಿ, ಸ್ಟಿಯರಿಂಗ್ ಹಿಡಿದು ಕೂತರು.

ಎರಡು ದಿನ ಕಾರು ತೆವಳಿತು. ಮೂರನೆಯ ದಿನ ಬೇಕರಿಯ ರಸ್ತೆಗೆ ಹೊರಳಿತು. ಆಗತಾನೆ ಒಲೆಯಿಂದ ಇಳಿದ ಬನ್ನಿನ ಘಮ ಕಿಟಕಿಯಲ್ಲಿ ನುಗ್ಗಿದ್ದೇ ತಡ, ಹೆಂಡತಿ ಯಾರೂ ಹೇಳಿಕೊಡದೆಯೇ ನಾಲ್ಕನೇ ಗೇರ್ ಹಾಕಿದರು. ಮಾಸ್ಟರ ಕಾಲ ಕೆಳಗೂ ಒಂದು ಬ್ರೇಕ್ ಇತ್ತು. ಒತ್ತುವ ಧೈರ್ಯ ಬರಲಿಲ್ಲ.

"ಸರಿಯಾಗಿ ಹಾಕಿದ್ನೇನ್ರೀ?" ಎಂದು ಹೆಂಡತಿ ಕೇಳಿದರು.

"ಬಹಳ ಚೆನ್ನಾಗಿ," ಎಂದು ಮಾಸ್ಟರು, ಕನ್ನಡಿಯಲ್ಲಿ ಚಿಕ್ಕದಾಗುತ್ತಿದ್ದ ಬೇಕರಿಯನ್ನು ನೋಡುತ್ತ ಕೂತರು.